ಇಪ್ಪತ್ತೊಂದು ದಿನ ಮುಚ್ಚಿಟ್ಟ ಬಣವೆ

"ಮುಖ ಹಿಂದಕ್ಕೆ ತಗೊಳ್ಳಿ! ರೀ... ನಿಮಗೇ ಹೇಳ್ತಿರೋದು, ಮುಖ ಹಿಂದಕ್ಕೆ!"

ಅಷ್ಟರಲ್ಲಿ ತಡವಾಗಿತ್ತು. ಹಾಲಿನ ಕೇಂದ್ರದ ಅಂಗಳದಲ್ಲಿದ್ದ ಬಣವೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಸರ್ರನೆ ಸರಿದಿತ್ತು. ಎಲ್ಲರಿಗಿಂತ ಮುಂದೆ ಬಗ್ಗಿ ನಿಂತಿದ್ದವಳ ಮುಖಕ್ಕೆ ಒಳಗಿನ ಹಬೆ ರಪ್ಪನೆ ಬಡಿಯಿತು. ಮೂಗು ಉರಿಯಿತು, ಗಂಟಲು ಕಟ್ಟಿತು, ಕಣ್ಣಲ್ಲಿ ಧಾರಾಕಾರ ನೀರು!

ಸುತ್ತ ನಿಂತಿದ್ದ ಹಾಲಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹುಲ್ಲು ಮೇಷ್ಟ್ರು ಮೊದಲನೇ ದಿನಾನೇ ಹುಡುಗೀನ ಅಳಿಸಿಬಿಟ್ರಲ್ಲಾ!"

ಹುಲ್ಲು ಮೇಷ್ಟ್ರು ಅನ್ನುವುದು ಅವನಿಗೆ ಆ ಹೆಂಗಸರೇ ಇಟ್ಟ ಹೆಸರು. ಒಣಹುಲ್ಲನ್ನು ಹದ ಮಾಡಿ, ದನಗಳ ಮೈಗೆ ಹತ್ತುವ ಮೇವಾಗಿಸುವುದು ಹೇಗೆಂದು ಕಲಿಸಲು ಅವನು ಕೇಂದ್ರಕ್ಕೆ ಬಂದಿದ್ದ. ಎತ್ತರದ ಆಳು, ಅಂಗಿಯ ತೋಳಿನ ತುಂಬ ಹುಲ್ಲಿನ ಎಸಳು. ಅವನ ಕಣ್ಣಲ್ಲೂ ನೀರು ಸುರಿಯುತ್ತಿತ್ತು.

"ಇದು ಅಮೋನಿಯಾ," ಎಂದು ಹೆಗಲ ಮೇಲಿದ್ದ ಟವೆಲನ್ನು ಅವಳಿಗೆ ಕೊಟ್ಟ. "ಹುಲ್ಲಿಗೆ ಯೂರಿಯಾ ನೀರು ಚಿಮುಕಿಸಿ ಗಾಳಿಯಾಡದ ಹಾಗೆ ಮುಚ್ಚಿಟ್ರೆ ಈ ಹಬೆ ಏಳುತ್ತೆ. ಇದೇ ಗಟ್ಟಿ ಹುಲ್ಲನ್ನ ಮೆತ್ತಗೆ ಮಾಡೋದು. ಒಂದು ದಿನ ಗಾಳಿಗೆ ಬಿಟ್ರೆ ವಾಸನೆ ಹೋಗುತ್ತೆ, ಆಮೇಲೆ ದನಕ್ಕೆ ಹಾಕ್ಬಹುದು."

ಅವಳು ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. ಒರೆಸಿದಳು. ಮತ್ತೆ ಒರೆಸಿದಳು. ನೀರು ನಿಲ್ಲುತ್ತಲೇ ಇಲ್ಲ...

ಐದು ತಿಂಗಳ ಹಿಂದೆ ಅಪ್ಪ ಹಾಲಿನ ಕ್ಯಾನಿನ ಜೊತೆಗೇ ಕುಸಿದು ಬಿದ್ದಾಗ ಅವಳು ಅತ್ತಿರಲಿಲ್ಲ. ಲಕ್ವ ಹೊಡೆದು ಅಪ್ಪನ ಬಲಗೈ ಬಲಗಾಲು ಹೋಯಿತು ಎಂದಾಗಲೂ, ಮಾತು ಬರುವುದಿಲ್ಲ ಎಂದಾಗಲೂ ಅಳಲಿಲ್ಲ. ಐದು ಹಸುಗಳಿಗೆ ಹಾಲು ಕರೆಯುವವರು ಬೇಕಿತ್ತು, ಅಳುವುದಕ್ಕೆ ಪುರುಸೊತ್ತೆಲ್ಲಿ? ಈಗ ನಾಲ್ಕು ಜನರ ಮುಂದೆ, ಯಾರೋ ಗೊತ್ತಿಲ್ಲದವನ ಟವೆಲಿನೊಳಗೆ, ಅದೆಲ್ಲ ಕಟ್ಟೆಯೊಡೆದು ಬಂದಿತ್ತು.

ಅವನಿಗೆ ಅದು ಅರ್ಥವಾಯಿತು. ಸದ್ದಿಲ್ಲದೆ ಅವಳಿಗೂ ಹೆಂಗಸರಿಗೂ ನಡುವೆ ಬಂದು ಅಡ್ಡ ನಿಂತ.

"ಅಳಿ, ಪರವಾಗಿಲ್ಲ," ಎಂದ ಮೆಲ್ಲಗೆ. "ಯಾರಾದ್ರೂ ಕೇಳಿದ್ರೆ ತಪ್ಪನ್ನ ಮೇವಿನ ಮೇಲೆ ಹಾಕಿ."

ಅವತ್ತು ಮನೆಗೆ ಹೋದ ಮೇಲೂ ಅವಳ ಕಿವಿಯಲ್ಲಿ ಅದೇ ಮಾತು. ಟವೆಲು ಹಿಂದಿರುಗಿಸುವುದನ್ನು ಮರೆತೇಬಿಟ್ಟಿದ್ದಳು. ಮರೆತಿದ್ದಳೋ, ಮರೆತಂತೆ ಮಾಡಿದಳೋ... ಅದನ್ನು ಅವಳೇ ಹೇಳಬೇಕು!

* * *

ಮುಂದಿನ ವಾರ ಅವನು ತಕ್ಕಡಿ, ಪ್ಲಾಸ್ಟಿಕ್ ಹಾಳೆ ಹೊತ್ತುಕೊಂಡು ಅವಳ ಮನೆಗೇ ಬಂದ. ಬೇಸಿಗೆ ನೆತ್ತಿಗೇರಿತ್ತು, ಹಸಿರು ಮೇವೆಂಬುದು ಕಣ್ಣಿಗೂ ಬೀಳದ ಕಾಲ. ಹಿತ್ತಲಿನಲ್ಲಿದ್ದದ್ದು ಬರೀ ಒಣಹುಲ್ಲು. ಅದನ್ನು ತಿಂದ ಹಸುಗಳ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು.

"ಈ ಕಡ್ಡೀಲಿ ಏನೂ ಸತ್ವ ಇಲ್ಲ ಅಂತಲ್ಲ. ಇದೆ, ಒಳಗಡೆ ಸಿಕ್ಕಾಕ್ಕೊಂಡಿದೆ. ಬಿಡಿಸ್ಬೇಕು ಅಷ್ಟೇ," ಎಂದ.

ಅವಳ ಅತ್ತೆ, ಅಂದರೆ ಅಪ್ಪನ ಅಕ್ಕ, ಅಡುಗೆಮನೆಯ ಕಿಟಕಿಯಿಂದಲೇ ಮೂಗು ಮುರಿದಳು. "ಹುಲ್ಲಿಗೆ ಗೊಬ್ಬರ ಹಾಕಿ ದನಕ್ಕೆ ತಿನ್ನಿಸ್ತಾನಂತೆ. ನಾಳೆ ನಮಗೂ ತಟ್ಟೇಲಿ ಬಡಿಸ್ತಾನೆ, ನೋಡ್ತಿರು."

ಅವನು ನಕ್ಕು, ನೇರವಾಗಿ ಕೊಟ್ಟಿಗೆಯ ಸೂರಿನಡಿ ಮಂಚದ ಮೇಲೆ ಕೂತಿದ್ದ ಅಪ್ಪನ ಬಳಿ ಹೋಗಿ ಮಂಡಿಯೂರಿ ಕೂತ.

"ಯಜಮಾನ್ರೇ, ನಿಮ್ಮ ಹಿತ್ತಲಲ್ಲಿ ಒಂದು ಬಣವೆ ಹಾಕ್ಲಾ?"

ಅವಳು ಕೈಯಲ್ಲಿದ್ದ ಬಕೆಟ್ ಹಿಡಿದುಕೊಂಡು ಹಾಗೇ ನಿಂತಳು. ಐದು ತಿಂಗಳಿಂದ ಮನೆಗೆ ಬಂದವರೆಲ್ಲ ಅಪ್ಪನ ತಲೆಯ ಮೇಲಿನಿಂದಲೇ ಮಾತಾಡಿದ್ದರು. 'ಊಟ ಮಾಡ್ತಾರಾ? ನಿದ್ದೆ ಬರುತ್ತಾ?' ಎಂದು ಅವಳನ್ನು ಕೇಳಿದ್ದರು. ಅಪ್ಪನನ್ನೇ ಅಪ್ಪಣೆ ಕೇಳಿದವನು ಇವನೊಬ್ಬ!

ಅಪ್ಪ ಎಡಗೈಯ ಊರುಗೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದ. ಅದು ಹೂಂ ಅನ್ನುವ ಲೆಕ್ಕ. ಮೂರು ಹೆಜ್ಜೆ ಆಚೆಯ ಗೂಟಕ್ಕೆ ಕಟ್ಟಿದ್ದ ಮುದಿ ಹಸು ತಲೆಯೆತ್ತಿ ನೋಡಿತು. ಮನೆಮಂದಿಯೆಲ್ಲ ಅದನ್ನು ದೊಡ್ಡಮ್ಮ ಎಂದೇ ಕರೆಯುವುದು. ಅಪ್ಪ ತನ್ನ ಕೈಯಾರೆ ಸಾಕಿದ ಮೊದಲ ಹಸು ಅದು.

ಕೆಲಸ ಶುರುವಾಯಿತು. ಐನೂರು ಕಿಲೋ ಹುಲ್ಲಿಗೆ ಇಪ್ಪತ್ತು ಕಿಲೋ ಯೂರಿಯಾ, ಅಳೆದು ಕದಡಿದ ನೀರು. ಒಂದು ಪದರ ಹುಲ್ಲು ಹರಡುವುದು, ನೀರು ಚಿಮುಕಿಸುವುದು, ತುಳಿಯುವುದು. ಮತ್ತೊಂದು ಪದರ. ಒಳಗೆ ಗಾಳಿ ನಿಂತರೆ ಹುಲ್ಲು ಬೂಸಲು ಹಿಡಿಯುತ್ತದೆ ಎಂದು ಇಬ್ಬರೂ ಬಣವೆಯ ಮೇಲೆ ಸುತ್ತು ಹಾಕಿ ತುಳಿದರು. ಎತ್ತರ ಏರಿದಂತೆ ಸುತ್ತು ಕಿರಿದಾಯಿತು. ಕಾಲು ಜಾರಿದಾಗ ಅವನು ಅವಳ ಮುಂಗೈ ಹಿಡಿದ.

"ಬಿದ್ದೀರ..."

"ಬಿದ್ರೆ ಹುಲ್ಲಿನ ಮೇಲೇ ಅಲ್ವಾ ಬೀಳೋದು?"

ಹಿಡಿದ ಕೈ ಬಿಡಲು ಇಬ್ಬರಿಗೂ ಸ್ವಲ್ಪ ಹೊತ್ತೇ ಬೇಕಾಯಿತು. ಅತ್ತೆ ಕಿಟಕಿಯಲ್ಲಿ ಜೋರಾಗಿ ಕೆಮ್ಮಿದಳು.

ಹಾಳೆ ಮುಚ್ಚಿ, ಅಂಚಿಗೆಲ್ಲ ಮಣ್ಣು ಮೆತ್ತಿದ ಮೇಲೆ ಅವನು ಸುಣ್ಣದಿಂದ ಗೋಡೆಯ ಮೇಲೆ ತಾರೀಖು ಬರೆದ. "ಇವತ್ತಿಂದ ಇಪ್ಪತ್ತೊಂದನೇ ದಿನ. ಅಲ್ಲಿವರೆಗೆ ಆಕಾಶ ಬಿದ್ರೂ ತೆಗೀಬೇಡಿ. ತೆಗೆಯೋ ದಿನ ನಾನೇ ಬರ್ತೀನಿ."

ಅಟ್ಟದ ಮೇಲೆ ಹಳೆಯ ಹುಲ್ಲು ಸರಿಯಾಗಿ ಮೂರು ವಾರಕ್ಕೆ ಸಾಕಾಗುವಷ್ಟಿತ್ತು. ಆಮೇಲೆ ಈ ಬಣವೆಯೇ ಗತಿ.

ಕೊನೆಗೆ ಒಂದು ಬಕೆಟ್ ಯೂರಿಯಾ ನೀರು ಉಳಿಯಿತು. ಅವನು ಹುಬ್ಬು ಗಂಟಿಕ್ಕಿದ. "ಉಳೀಬಾರ್ದಿತ್ತಲ್ಲ... ಅಳತೆ ಸರಿಯಾಗೇ ಇತ್ತು."

ಅವಳು ತುಟಿ ಕಚ್ಚಿಕೊಂಡಳು. ದೊಡ್ಡಮ್ಮನ ಹಲ್ಲಿಗೆ ಹೊಸ ಮೇವು ಆಗಿಬರದಿದ್ದರೆ ಎಂದು ಎರಡು ಹೊರೆ ಹುಲ್ಲನ್ನು ಅವಳು ಬಾಗಿಲ ಹಿಂದೆ ಬಚ್ಚಿಟ್ಟಿದ್ದಳು. ಹೇಳಿದರೆ ನಗುತ್ತಾನೆ ಎಂದು ಹೇಳಲಿಲ್ಲ.

"ಇದು ವಿಷ. ತಿಪ್ಪೆಗೆ ಚೆಲ್ಲಿ ಬರ್ತೀನಿ."

"ಟೀ ಆರಿಹೋಗುತ್ತೆ. ಕುಡಿದು ಚೆಲ್ಲಿದ್ರಾಯ್ತು, ಬನ್ನಿ."

ಅವನು ಬಕೆಟನ್ನು ದೊಡ್ಡಮ್ಮನಿಂದ ದೂರಕ್ಕೆ, ಅಪ್ಪನ ಮಂಚದ ಪಕ್ಕಕ್ಕೆ ಇಟ್ಟ. ಹಸುವಿನ ಹಗ್ಗವನ್ನು ಎಳೆದು ನೋಡಿದ, ಎಟಕುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ. ಹತ್ತು ನಿಮಿಷ, ಬರೀ ಹತ್ತು ನಿಮಿಷ ಅಡುಗೆಮನೆಯಲ್ಲಿ ಕೂತರು. ಬೈಯುತ್ತಲೇ ಟೀ ಬಸಿದ ಅತ್ತೆ ಮೂರನೆಯ ಗುಟುಕಿಗೆಲ್ಲ ಅವನಿಗೆ ಮದುವೆಯಾಗಿದೆಯೇ ಎಂದು ಕೇಳಿಯೂ ಆಗಿತ್ತು! ಅವನು ಕಿವಿ ಕೆಂಪಗೆ ಮಾಡಿಕೊಂಡು, ಲೋಟ ಕೆಳಗಿಟ್ಟು ಎದ್ದು ಹೊರಗೆ ಹೋದ.

ಆಮೇಲೆ ಅವನ ಕೂಗು ಕೇಳಿಸಿತು.

"ವಿನೆಗರ್! ಮನೇಲಿ ವಿನೆಗರ್ ಇದ್ಯಾ? ಎಷ್ಟಿದ್ರೆ ಅಷ್ಟು ತನ್ನಿ! ಹಸು ಯೂರಿಯಾ ನೀರು ಕುಡಿದಿದೆ!"

ಮನೆಯಲ್ಲಿದ್ದದ್ದು ಅರ್ಧ ಬಾಟಲಿ. ಅವಳು ಬರಿಗಾಲಲ್ಲಿ ಬೀದಿಗೆ ಓಡಿದಳು. ಮೊದಲ ಅಂಗಡಿಯಲ್ಲಿ ಎರಡು ಬಾಟಲಿ ಸಿಕ್ಕಿತು. ಎರಡನೆಯದು ಮುಚ್ಚಿತ್ತು. ಮೂರನೆಯವನು "ಅಡುಗೆಗೆ ಇಷ್ಟೊಂದಾ?" ಎಂದು ನಿಧಾನವಾಗಿ ಹುಡುಕಿದ... ಮಡಿಲಲ್ಲಿ ಬಾಟಲಿ ಹೊತ್ತು ಅವಳು ಮರಳುವಷ್ಟರಲ್ಲಿ ದೊಡ್ಡಮ್ಮ ಮಲಗಿಬಿಟ್ಟಿತ್ತು. ಹೊಟ್ಟೆ ಉಬ್ಬಿತ್ತು, ಬಾಯಲ್ಲಿ ನೊರೆ, ಮೈಯೆಲ್ಲ ಅದುರು. ಅವನು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಯೂರಿಯಾ ವಿಷ ಇಳಿಸಲೆಂದು ತಣ್ಣೀರಿನಲ್ಲಿ ಬೆರೆಸಿದ ವಿನೆಗರನ್ನು ಕುಡಿಸಿದ. ಇಳಿದದ್ದಕ್ಕಿಂತ ಹೊರಗೆ ಸುರಿದದ್ದೇ ಹೆಚ್ಚು.

ದನದ ಡಾಕ್ಟರಮ್ಮ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಪ್ಪ ಮಂಚದ ಮೇಲಿಂದ ನೋಡುತ್ತಲೇ ಇದ್ದ. ಅವನ ಗಂಟಲಿನಿಂದ ಬಂದ ಸದ್ದು ಅವಳು ಈ ಜನ್ಮದಲ್ಲಿ ಮರೆಯುವಂಥದ್ದಲ್ಲ.

"ಬಕೆಟ್ ಹೇಗೆ ಬಂತು ಅದರ ಬಾಯಿಗೆ?" ಅವಳು ಕಿರುಚಿದಳು. "ಹಗ್ಗ ಎಟಕಲ್ಲ ಅಂದ್ರಲ್ಲ! ನೀವೇ ನೋಡಿದ್ರಲ್ಲ!"

ಅವನು ಒಮ್ಮೆ ಅಪ್ಪನ ಕಡೆ ನೋಡಿದ. ತಲೆ ತಗ್ಗಿಸಿದ.

"ನನ್ನ ತಪ್ಪು. ನಾನೇ ಹತ್ತಿರ ಇಟ್ಬಿಟ್ಟೆ ಅನ್ಸುತ್ತೆ."

"ಅನ್ಸುತ್ತೆ?! ಅಪ್ಪನಿಗೆ ಉಳಿದಿದ್ದೇ ಅದೊಂದು ಜೀವ ರೀ... ಹೊರಡಿ ಇಲ್ಲಿಂದ. ಇನ್ನೊಂದು ಸಲ ನಿಮ್ಮ ಮುಖ ತೋರಿಸ್ಬೇಡಿ!"

ಅವನು ತಕ್ಕಡಿಯನ್ನೂ ಅಲ್ಲೇ ಬಿಟ್ಟು ಹೊರಟುಹೋದ.

* * *

ಮೂರನೆಯ ದಿನ ಅವಳು ಕುಡುಗೋಲು ಹಿಡಿದು ಬಣವೆಯ ಮುಂದೆ ನಿಂತಳು. ಹರಿದು ಚೆಲ್ಲಿಬಿಡಬೇಕು ಇದನ್ನ! ಹಾಳೆಗೆ ಕುಡುಗೋಲು ತಾಗಿಸಿದ್ದೂ ಆಯಿತು. ಹಿಂದಿನಿಂದ ನಾಲ್ಕು ಹಸುಗಳು ಅಂಬಾ ಎಂದವು.

ಹರಿದರೆ ಮೂರು ವಾರದ ಮೇಲೆ ಇವಕ್ಕೆ ಏನು ಹಾಕುವುದು?

ಕುಡುಗೋಲು ಕೈಯಿಂದ ಜಾರಿತು. ಯಾವುದನ್ನು ಕಂಡರೆ ಮೈ ಉರಿಯುತ್ತದೋ ಅದನ್ನೇ ಕಾಯಬೇಕಿತ್ತು. ಇಲಿ ತೂತು ಮಾಡದಂತೆ ನೋಡಬೇಕಿತ್ತು, ಬಿರುಕು ಬಿಟ್ಟ ಕಡೆ ಹಸಿ ಮಣ್ಣು ಮೆತ್ತಬೇಕಿತ್ತು. ದಿನಾ ಬೆಳಿಗ್ಗೆ ಅವಳು ಅವನು ಹೇಳಿದಂತೆಯೇ ಮಾಡಿದಳು, ಮಾಡುತ್ತಾ ಅವನನ್ನೇ ಬೈದಳು. ಬೈಗುಳ ಮುಗಿದ ಮೇಲೆ ಅವನ ಕೆಂಪು ಕಿವಿ ನೆನಪಾಗುತ್ತಿತ್ತು. ಥೂ, ಈ ಮನಸ್ಸಿಗೆ ನಾಚಿಕೆಯೇ ಇಲ್ಲವೇ!

ಎರಡು ಹೊರೆ ಬಚ್ಚಿಟ್ಟದ್ದು ಯಾರು? ಟೀಗೆ ಕರೆದದ್ದು ಯಾರು? ಆ ಪ್ರಶ್ನೆ ಬಂದಾಗಲೆಲ್ಲ ಅವಳು ಪೊರಕೆ ಹಿಡಿದು ಗುಡಿಸಿದ ಕೊಟ್ಟಿಗೆಯನ್ನೇ ಮತ್ತೆ ಗುಡಿಸುತ್ತಿದ್ದಳು.

ಅಪ್ಪನದು ಇನ್ನೊಂದು ಸಂಕಟ. ಊಟ ಕಮ್ಮಿಯಾಯಿತು. ದಿನಕ್ಕೆ ಹತ್ತು ಸಲ ಊರುಗೋಲೆತ್ತಿ ಮೂಲೆಯ ಬಕೆಟ್ ತೋರಿಸುತ್ತಿದ್ದ.

"ನೀರು ಬೇಕಾ ಅಪ್ಪ?"

ಅವಳು ಲೋಟ ತಂದರೆ ತಲೆ ತಿರುಗಿಸುತ್ತಿದ್ದ. ಕೋಲನ್ನು ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದ. ಎರಡು ಎಂದರೆ ಅಲ್ಲ.

"ಮತ್ತೆ ಸ್ನಾನ ಮಾಡಿಸ್ಲಾ? ಸೆಕೆ ಆಗ್ತಿದ್ಯಾ? ಏನಪ್ಪ, ಏನು ಬೇಕು ನಿಂಗೆ?"

ಎರಡು ಕುಟ್ಟು. ಎರಡು ಕುಟ್ಟು. ಕೊನೆಗೆ ಅಪ್ಪ ಕಣ್ಣು ಮುಚ್ಚಿಕೊಂಡು ಗೋಡೆಯ ಕಡೆ ಹೊರಳುತ್ತಿದ್ದ. ಒಂದೇ ಮಾತು, ಒಂದೇ ಒಂದು ಮಾತು ಅವನೊಳಗೆ ಸಿಕ್ಕಿಹಾಕಿಕೊಂಡಿತ್ತು. ಬಿಡಿಸುವುದು ಹೇಗೆಂದು ಯಾವ ಮೇಷ್ಟ್ರೂ ಅವಳಿಗೆ ಕಲಿಸಿರಲಿಲ್ಲ.

ಹದಿನೇಳನೆಯ ದಿನ ಡಾಕ್ಟರಮ್ಮ ಹಸುಗಳನ್ನು ನೋಡಲು ಬಂದವಳು ಹೇಳಿದಳು: "ನಿಮ್ಮ ಹುಲ್ಲು ಮೇಷ್ಟ್ರು ತಪ್ಪೆಲ್ಲ ತನ್ನದೇ ಅಂತ ಕೈಯಾರೆ ಬರ್ಕೊಟ್ಟ ಕಣಮ್ಮ. ಅವನನ್ನ ದೂರದ ಕೇಂದ್ರಕ್ಕೆ ಹಾಕಿದ್ದಾರೆ. ವಿಚಿತ್ರ ನೋಡು... ಹಗ್ಗದ ಅಳತೆ ನೋಡದೆ ಬಕೆಟ್ ಇಡೋ ಮನುಷ್ಯ ಅಲ್ಲ ಅವನು."

"ಹೋಗ್ಲಿ ಬಿಡಿ, ನನಗೇನು?" ಎಂದಳು.

ನನಗೇನು ಎಂದವಳು ಅವತ್ತು ಟೀ ಪಾತ್ರೆಗೆ ಸಕ್ಕರೆಯ ಬದಲು ಉಪ್ಪು ಹಾಕಿದಳು ಎಂದು ಅತ್ತೆ ಇವತ್ತಿಗೂ ಆಡಿಕೊಳ್ಳುತ್ತಾಳೆ.

* * *

ಇಪ್ಪತ್ತೊಂದನೆಯ ದಿನ ಬೆಳಗಾಯಿತು. ಅಟ್ಟದ ಮೇಲೆ ಉಳಿದದ್ದು ಒಂದು ಹೊತ್ತಿನ ಹುಲ್ಲು. ಗೋಡೆಯ ಮೇಲೆ ಸುಣ್ಣದ ತಾರೀಖು.

ಅವನು ಬರುವುದಿಲ್ಲ. ಬರಬೇಡ ಎಂದು ಕಿರುಚಿದವಳು ತಾನೇ ಅಲ್ಲವೇ? ಒಬ್ಬಳೇ ತೆಗೆಯುವುದೆಂದು ಸೆರಗು ಸಿಕ್ಕಿಸಿಕೊಂಡಳು. ಕೈ ತೊಳೆಯಲು ನೀರಿರಲಿ ಎಂದು ಅದೇ ಬಕೆಟನ್ನು ತುಂಬಿಸಿ ತಂದು, ಅಪ್ಪನ ಮಂಚದ ಪಕ್ಕ ಇಟ್ಟಳು.

ಹಿಂದೆ ಕರ್ರ್... ಎಂದು ಸದ್ದು.

ತಿರುಗಿದಳು. ಅಪ್ಪ ಊರುಗೋಲಿನ ಬಾಗಿದ ತುದಿಯನ್ನು ಬಕೆಟಿನ ಹಿಡಿಕೆಗೆ ಸಿಕ್ಕಿಸಿದ್ದ. ಎಡಗೈಯ ನರಗಳು ಉಬ್ಬಿದ್ದವು. ಮಣ್ಣಿನ ಮೇಲೆ ಬಕೆಟ್ ಇಂಚಿಂಚಾಗಿ ಸರಿಯಿತು. ಒಂದಿಷ್ಟು ನೀರು ಚೆಲ್ಲಿತು, ಆದರೂ ಬಿಡಲಿಲ್ಲ. ಬಕೆಟಿನ ಹಿಂದೆ ಕೋಲು ಕೊಟ್ಟು ನೂಕಿದ. ಮತ್ತೆ ನೂಕಿದ. ದೊಡ್ಡಮ್ಮನ ಖಾಲಿ ಗೂಟದ ಹತ್ತಿರ ಬಕೆಟ್ ಹೋಗಿ ನಿಂತಿತು.

ಆಮೇಲೆ ಅಪ್ಪ ಕೋಲನ್ನು ತಿರುಗಿಸಿ, ತನ್ನ ಎದೆಗೇ ಇಟ್ಟುಕೊಂಡು ತೋರಿಸಿದ. ನಾನು. ನಾನು.

"ಅಪ್ಪಾ... ನೀನಾ?"

ಒಂದು ಕುಟ್ಟು.

ಐದು ತಿಂಗಳಿಂದ ಯಾರೂ ಅಪ್ಪನಿಗೆ ಒಂದು ಕೆಲಸ ಹೇಳಿರಲಿಲ್ಲ. ಹಸುವಿಗೆ ಬಾಯಾರಿತ್ತು. ಪಕ್ಕದಲ್ಲಿ ನೀರಿತ್ತು, ಅದರಲ್ಲಿ ಏನು ಬೆರೆಸಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಮಗಳು ಒಳಗೆ ಎಷ್ಟೋ ದಿನದ ಮೇಲೆ ನಗುತ್ತಿದ್ದಳು, ಅವಳನ್ನು ಏಕೆ ಕರೆಯಬೇಕು ಎಂದುಕೊಂಡಿರಬೇಕು ಪಾಪ. ಇಪ್ಪತ್ತೊಂದು ದಿನದಿಂದ ಅದನ್ನೇ ಹೇಳಲು ಒದ್ದಾಡುತ್ತಿದ್ದ, ಅವಳು ನೀರು ಕುಡಿಸಲು ಹೋಗುತ್ತಿದ್ದಳು!

ಅವಳು ಅಪ್ಪನ ಕಾಲಬುಡದಲ್ಲಿ ಕುಸಿದು ಕೂತಳು. "ದೊಡ್ಡಮ್ಮಂಗೆ ಬಾಯಾರಿತ್ತು, ನೀನು ನೀರು ಕೊಟ್ಟೆ. ಅಷ್ಟೇ ಅಪ್ಪ. ನೀನು ಮಾಡಿದ್ದು ಅಷ್ಟೇ! ಎರಡು ಹೊರೆ ಬಚ್ಚಿಟ್ಟು ಆ ನೀರು ಉಳಿಯೋ ಹಾಗೆ ಮಾಡಿದ್ದು ನಾನು..."

ಹಿತ್ತಲ ಬಾಗಿಲ ಬಳಿ ಯಾರೋ ಕೆಮ್ಮಿದರು.

ಅವನು! ಬಸ್ಸಿನ ಧೂಳು ಮೈತುಂಬ, ಕಣ್ಣು ಒಳಕ್ಕೆ ಹೋಗಿತ್ತು. ಹೊಸ್ತಿಲಾಚೆಯೇ ನಿಂತು ಹೇಳಿದ: "ಬೈಬೇಡಿ. ತೆಗೆಯೋ ದಿನ ಬರ್ತೀನಿ ಅಂದಿದ್ದೆ. ಕೆಲಸ ಮುಗಿಸಿ ಹೊರಟುಬಿಡ್ತೀನಿ..."

ಅವನ ಮಾತು ಅಲ್ಲಿಗೇ ನಿಂತಿತು. ಗೂಟದ ಬಳಿಯ ಬಕೆಟ್ ಕಂಡಿತ್ತು. ಮಣ್ಣಿನಲ್ಲಿ ಮಂಚದಿಂದ ಗೂಟದವರೆಗೆ ಎಳೆದ ಗೆರೆ ಕಂಡಿತ್ತು.

"ನಿಮಗೆ ಅವತ್ತೇ ಗೊತ್ತಿತ್ತು," ಎಂದಳು ಅವಳು.

ಅವನು ತಲೆ ತಗ್ಗಿಸಿ ಆ ಗೆರೆಯನ್ನೇ ನೋಡಿದ.

"ಹೇಳಿ! ಗೊತ್ತಿತ್ತು ತಾನೆ?"

"ಇದೇ ಗೆರೆ ಇತ್ತು. ಕಾಲಲ್ಲಿ ಅಳಿಸಿಬಿಟ್ಟೆ." ಅವನು ಅಪ್ಪನ ಕಡೆ ನೋಡಿದ. "ನಾನು ಹೊರಗೆ ಬಂದಾಗ ಯಜಮಾನ್ರು ನಗ್ತಾ ಇದ್ರು ರೀ. ಹಸುಗೆ ನೀರು ಕುಡಿಸಿದೆ ಅಂತ ನನಗೆ ಕೋಲು ಎತ್ತಿ ತೋರಿಸಿದ್ರು. ಆ ನಗು ನೋಡಿದ ಮೇಲೆ... ನಿಮ್ಮ ಕೈಯಿಂದಲೇ ಹೋಯ್ತು ಅಂತ ಅವರಿಗೆ ಹೇಗೆ ಹೇಳ್ಲಿ? ಅವರಿಗೆ ಗೊತ್ತಾಗೋದೇ ಬೇಡ ಅಂದ್ಕೊಂಡೆ."

"ಅವರಿಗೆ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಅವರಿಗೇ ಗೊತ್ತಾಗಿತ್ತು!"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಯಾರಿಗೂ ಏನೂ ಮಾಡುವಂತಿರಲಿಲ್ಲ. ಸತ್ತದ್ದು ಎದ್ದು ಬರುವುದಿಲ್ಲ, ಅಪ್ಪನ ಮಾತೂ ಬರುವುದಿಲ್ಲ.

ಅಪ್ಪ ಎಡಗೈ ಚಾಚಿದ. ಅವನು ಬಂದು ಮಂಡಿಯೂರಿದ, ಮೊದಲ ದಿನದಂತೆಯೇ. ಅಪ್ಪ ಆ ಕೈಯನ್ನು ಅವನ ತಲೆಯ ಮೇಲಿಟ್ಟು ಎಷ್ಟೋ ಹೊತ್ತು ಎತ್ತಲೇ ಇಲ್ಲ.

ಬಣವೆ ತೆಗೆದರು. ಹಬೆ ಮೇಲೆದ್ದಿತು. ಕಿಟಕಿಯಲ್ಲಿದ್ದ ಅತ್ತೆಯ ಕಣ್ಣಲ್ಲೂ ನೀರು ಬಂತು. "ಅಯ್ಯೋ, ಹಾಳು ವಾಸನೆ!" ಎಂದು ಬೈದುಕೊಂಡಳು. ವಾಸನೆ ಅಷ್ಟು ದೂರ ಹೋಗಿರಲಿಲ್ಲ.

ಅವನು ರಾತ್ರಿ ಹಾಲಿನ ಕೇಂದ್ರದಲ್ಲಿ ಉಳಿದು, ಮರುದಿನ ಬೆಳಿಗ್ಗೆ ಬಂದ. ಹರಡಿಟ್ಟ ಹುಲ್ಲು ಕಂದು ಬಂಗಾರದ ಬಣ್ಣಕ್ಕೆ ತಿರುಗಿತ್ತು, ಹಿಡಿದರೆ ಮೆತ್ತಗಿತ್ತು. ಅವಳು ಒಂದು ಹಿಡಿಯನ್ನು ಅಪ್ಪನ ಎಡಗೈಗೆ ಕೊಟ್ಟು, ಕಿರಿಯ ಹಸುವನ್ನು ಮಂಚದ ಹತ್ತಿರ ತಂದಳು.

"ನೀನೇ ತಿನ್ನಿಸಪ್ಪ."

ಅಪ್ಪ ಆ ಹಿಡಿಯನ್ನು ಎದೆಗೊತ್ತಿಕೊಂಡ. ಕೊಡಲಾರ. ಮತ್ತೆ ಏನಾದರೂ ಆದರೆ?

"ನಾನು ಹೇಳ್ತಿದ್ದೀನಿ ಯಜಮಾನ್ರೇ," ಎಂದ ಅವನು. "ಹದ ಆಗಿದೆ. ಕೊಡಿ."

ಹಸು ಮೂಸಿತು. ಮೂತಿ ಆಚೆ ತಿರುಗಿಸಿತು. ಮತ್ತೆ ಮೂಸಿತು... ಒರಟು ನಾಲಿಗೆ ಚಾಚಿ ಅಪ್ಪನ ಅಂಗೈಯಿಂದ ಎಲ್ಲವನ್ನೂ ಬಾಚಿಕೊಂಡಿತು. ಇನ್ನೂ ಬೇಕೆಂದು ಕೈಯನ್ನೇ ನೆಕ್ಕಿತು. ಅಪ್ಪ ಕೋಲು ಕುಟ್ಟಿದ, ಒಂದೇ ಸಲ, ಜೋರಾಗಿ.

ಅವಳು ಬಣವೆಯ ಮರೆಗೆ ಬಂದು ನಿಂತಳು. ಅವನೂ ಬಂದ.

"ಮಧ್ಯಾಹ್ನದ ಬಸ್ಸಿಗೆ ಹೋಗ್ಬೇಕು," ಎಂದ.

"ನಾನು ಅಪ್ಪನ್ನ ಬಿಟ್ಟು ಎಲ್ಲೂ ಬರೋಕಾಗಲ್ಲ."

"ಗೊತ್ತು. ಕೇಳೋ ಧೈರ್ಯಾನೂ ನನಗಿಲ್ಲ."

"ಇದು ಇಪ್ಪತ್ತೈದು ದಿನಕ್ಕೆ ಖಾಲಿಯಾಗುತ್ತೆ. ಹುಲ್ಲು ಕೊಂಡು ತಂದು ಇವತ್ತೇ ಇನ್ನೊಂದು ಹಾಕಿದ್ರೆ..." ಅವಳು ಗೋಡೆಯ ಹಳೆಯ ತಾರೀಖನ್ನು ಅಂಗೈಯಲ್ಲಿ ಒರೆಸಿ, ಸುಣ್ಣ ತೆಗೆದುಕೊಂಡು ಹೊಸದೊಂದನ್ನು ಬರೆದಳು. "ತೆಗೆಯೋ ದಿನ ಯಾರು ಬರ್ತಾರೆ?"

"ನಾನೇ."

"ಅದರ ಮುಂದಿನದಕ್ಕೆ?"

"ಅದಕ್ಕೂ ನಾನೇ. ನೀವು ಬೇಡ ಅನ್ನೋವರೆಗೂ."

"ಬೇಡ ಅಂದಿದ್ದೆ. ಬಂದ್ರಲ್ಲ!"

ಅವನು ನಕ್ಕ. ಅವಳೂ ನಕ್ಕಳು, ನಗುತ್ತಿದ್ದಂತೆಯೇ ಕಣ್ಣು ತುಂಬಿ ಹರಿಯಿತು. ಇಷ್ಟು ದಿನ ಪೆಟ್ಟಿಗೆಯ ತಳದಲ್ಲಿ ಒಗೆದು ಮಡಿಸಿಟ್ಟಿದ್ದ ಟವೆಲು ಈಗ ಅವಳ ಹೆಗಲ ಮೇಲಿತ್ತು. ಅವನು ಅದರ ಅಂಚಿನಿಂದ ಅವಳ ಕೆನ್ನೆ ಒರೆಸಿದ.

"ವಾಸನೆ ಇನ್ನೂ ಇದ್ಯಾ?"

"ಇಲ್ಲ. ಬೆಳಿಗ್ಗೇನೇ ಹೋಯ್ತು."

"ಮತ್ತೆ ಇದು?"

ಅವಳು ಅವನ ಕೈ ಹಿಡಿದುಕೊಂಡಳು.

"ಈ ಸಲ ಮೇವಿನ ಮೇಲೆ ಹಾಕಲ್ಲ."